ಕುಶಾಲಪ್ಪನ ವಾದ್ಯ, ಲೋಲಾಕ್ಷಿಯ ಚೊಂಬು

ವಾಮದಪದವಿನ ರೇಡಿಯೋ ರಿಪೇರಿಯ ಕುಶಾಲಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ. ಬೊಂಬಾಯಿಯ ರೇಡಿಯೋ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಮುಟ್ಟದೆ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಥೆರೆಮಿನ್ ಎಂಬ ವಾದ್ಯವನ್ನು ಅವನು ಕಂಡಿದ್ದ. ಅರುವತ್ತೆರಡನೇ ಇಸವಿಯಲ್ಲಿ ಹಳೇ ರೇಡಿಯೋಗಳ ವಾಲ್ವು, ತಂತಿಸುರುಳಿ ಕೂಡಿಸಿ ತಾನೇ ಒಂದನ್ನು ಕಟ್ಟಿದ. ಬೆಳುವಾಯಿಯ ವೆಂಕಪ್ಪನ ಮಗಳು ರಾಜೀವಿಯ ಮದುವೆಗೆ ಅದರಲ್ಲೇ ಸೋಬಾನೆ ನುಡಿಸುತ್ತೇನೆಂದು ಪೇಟೆಯಿಡೀ ಹೇಳಿಕೊಂಡೂ ಬಂದ.

ಆದರೆ ಹಾಡಿನ ಸಾಲು ಕೆಳಗಿಳಿದಲ್ಲೆಲ್ಲ ವಾದ್ಯದ ಉಸಿರೇ ನಿಲ್ಲುತ್ತಿತ್ತು. ಒಳಗಿನ ಎರಡು ಸುರುಳಿಗಳು ಕಿವಿಗೆ ಕೇಳದಷ್ಟು ವೇಗದಲ್ಲಿ ಬೇರೆಬೇರೆಯಾಗಿ ಮಿಡಿಯಬೇಕು. ಅವುಗಳ ವ್ಯತ್ಯಾಸವೇ ನಮಗೆ ಕೇಳುವ ಸ್ವರ. ವ್ಯತ್ಯಾಸ ಕಡಿಮೆಯಾದಷ್ಟೂ ಸ್ವರ ತಗ್ಗು. ಇವನದರಲ್ಲಿ ಎರಡರ ಮಿಡಿತ ಹತ್ತಿರ ಬಂದ ಕೂಡಲೇ ಒಂದು ಇನ್ನೊಂದನ್ನು ಎಳೆದುಕೊಂಡು ಎರಡೂ ಒಂದಾಗಿಬಿಡುತ್ತಿದ್ದವು. ಕಾರಣ ಹೊಳೆಯದೆ ಕುಶಾಲಪ್ಪ ವಾಲ್ವು ಬದಲಿಸಿದ, ಬ್ಯಾಟರಿ ಬದಲಿಸಿದ, ಬ್ಯಾಟರಿ ಮಾರಿದವನಿಗೆ ಬೈದ.

ಮದುವೆ ಹತ್ತಿರವಾದಾಗ ವೆಂಕಪ್ಪನೇ ಬಂದ. "ಒಮ್ಮೆ ಕೇಳಿಸು ಮಾರಾಯ. ಆಗದಿದ್ರೆ ಬ್ಯಾಂಡಿನವರಿಗೆ ಹೇಳ್ತೇನೆ."

ಹೆಂಡತಿ ಲೋಲಾಕ್ಷಿ ಬೆಲ್ಲ, ತಾಮ್ರದ ಚೊಂಬಿನಲ್ಲಿ ನೀರು ತಂದಳು. ಮೇಜಿನಲ್ಲಿ ಬೇರೆ ಜಾಗವಿಲ್ಲದೆ ಚೊಂಬನ್ನು, ಮುಚ್ಚಳ ಬಿಚ್ಚಿ ಚಾಲೂ ಮಾಡಿಟ್ಟಿದ್ದ ವಾದ್ಯದ ಸುರುಳಿಗಳ ನಡುವೆ ಇಟ್ಟಳು. ವಾದ್ಯ ಕಿರ್ರೆಂದು ಕಿರುಚಿತು.

"ತೆಗೆ ಅದನ್ನು. ಕಣ್ಣು ಕಾಣುದಿಲ್ವಾ?"

"ಬಂದವರು ಕುಡಿಯುವ ಮೊದಲು ನೀರು ತೆಗೆಯುದಾ? ನನ್ನಿಂದ ಆಗ್ಲಿಕ್ಕಿಲ್ಲ."

"ನನಗೆ ಗಡಿಬಿಡಿ ಇಲ್ಲ," ಎಂದು ವೆಂಕಪ್ಪ ಬೆಲ್ಲ ಕಚ್ಚಿದ.

ಕುಶಾಲಪ್ಪ ಹಲ್ಲು ಕಡಿಯುತ್ತ ನಾಬು ತಿರುಗಿಸಿ ಕಿರುಚಾಟ ಇಳಿಸಿದ. ಸ್ವರ ಇಳಿಯಿತು. ದಿನಾ ಸಾಯುತ್ತಿದ್ದ ಜಾಗವನ್ನೂ ದಾಟಿ, ಅಜ್ಜಿಯಂದಿರ ಗಂಟಲಿನ ಹಾಗೆ ಗುಂಯ್ಯೆಂದು ತಳಕ್ಕೆ ಹೋಯಿತು. ಅಷ್ಟರಲ್ಲಿ ವೆಂಕಪ್ಪ ಚೊಂಬು ಎತ್ತಿದ. ವಾದ್ಯ ಗಪ್‌ಚಿಪ್.

"ಇಡಿ ವೆಂಕಪ್ಪಣ್ಣ, ಅಲ್ಲಿಯೇ ಇಡಿ."

"ಹಾಗಾದ್ರೆ ಕುಡಿಯುದು ಬೇಡ್ವಾ?"

ಇಟ್ಟ. ಸ್ವರ ಮತ್ತೆ ಬಂತು. ನಡುವೆ ನಿಂತ ತಾಮ್ರ ಸುರುಳಿಗಳ ಎಳೆದಾಟವನ್ನು ತಡೆದಿತ್ತು. ಕುಶಾಲಪ್ಪ ನಕ್ಕದ್ದನ್ನು ಲೋಲಾಕ್ಷಿ ಎಷ್ಟೋ ಕಾಲದ ಮೇಲೆ ಕಂಡಳು. ವೆಂಕಪ್ಪ ಗೇಟು ದಾಟುವುದರೊಳಗೆ ಅವನು ಅದೇ ಚೊಂಬನ್ನು ಕತ್ತರಿಸಿ, ಬಡಿದು ತಗಡು ಮಾಡಿ, ಸುರುಳಿಗಳ ನಡುವೆ ನಿಲ್ಲಿಸಿದ್ದ.

ಮದುವೆಯ ಚಪ್ಪರದಲ್ಲಿ ಅವನ ಕೈ ಹಿಂದೆ ಸರಿದಂತೆ ಸೋಬಾನೆಯ ಸಾಲೂ ಇಳಿಯಿತು. ಕೊನೆಯ ತಗ್ಗು ಸ್ವರ ಅಲುಗದೆ ನಿಂತಿತು. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು.

"ಬ್ಯಾಂಡು ಎಂತಕ್ಕೆ ಇನ್ನು?" ಎಂದು ವೆಂಕಪ್ಪ ಚಪ್ಪರಕ್ಕೆಲ್ಲ ಕೇಳುವ ಹಾಗೆ ಹೇಳಿದ.

ಹೆಂಗಸರ ಸಾಲಿನಲ್ಲಿ ಲೋಲಾಕ್ಷಿ ಸೆರಗು ಸರಿಮಾಡಿಕೊಂಡಳು. "ಕೈ ಆಡಿಸುದು ಮಾತ್ರ ಅವರು. ಒಳಗೆ ಹಾಡುದು ನನ್ನ ಚೊಂಬು."