ಅಕ್ಕನ ಒಂದು ಹತ್ತಿಕಾಳು

ಮೊನ್ನೆ ಎಮ್ಮೆಗೆಂದು ಹತ್ತಿಕಾಳು ನೆನೆಹಾಕುತ್ತಿದ್ದ ಸೊಸೆ ನನ್ನ ಹರಟೆ ಕೇಳಿ ಕೇಳಿ ನಕ್ಕಳು. "ಅತ್ತೀ, ನಿಮ್ಮ ಒಂದೊಂದು ಮಾತಿಗೆ ಒಂದೊಂದು ಕಾಳು ಹಾಕಿದರ ಈ ಚೀಲ ಸಾಲಂಗಿಲ್ಲ ನೋಡ್ರಿ." ನಾನೂ ನಕ್ಕೆ. ನಾನು ವಾಚಾಳಿ, ಅದು ಓಣಿಗೆಲ್ಲ ಗೊತ್ತು. ಆದರೆ ನೆನೆದ ಕಾಳಿನ ವಾಸನೆ ಮೂಗಿಗೆ ಬಡಿದದ್ದೇ ನಗು ಅಲ್ಲೇ ನಿಂತಿತು. ಪಾಪ, ಅವಳಿಗೇನು ಗೊತ್ತು? ನಮ್ಮ ತವರಲ್ಲಿ ಮಾತಿಗೆ ನಿಜವಾಗಿಯೂ ಕಾಳು ಹಾಕುತ್ತಿದ್ದರು.

ನಮ್ಮ ತವರಿನ ಆದೋನಿ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿದ ಹೊಸತು. ಅದು ಸರಿಯೋ ತಪ್ಪೋ ಎಂದು ಮನೆಮನೆಯಲ್ಲೂ ಜಗಳ. ನಮ್ಮ ದೊಡ್ಡಪ್ಪನಂತೂ ಸಿಟ್ಟು ಬಂದರೆ ತೆಲುಗಿಗೆ ಹಾರುತ್ತಿದ್ದ, ಮತ್ತೆ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಬೇಸತ್ತ ತಾತ ಒಂದು ಕಟ್ಟಳೆ ಮಾಡಿದ. ಕೂತವರ ಮುಂದೆಲ್ಲ ಒಂದೊಂದು ಬಟ್ಟಲು, ನಡುವೆ ಹತ್ತಿಕಾಳಿನ ಮೊರ. ಮಾತಾಡಿದಾಗೊಮ್ಮೆ ಒಂದು ಕಾಳು ತನ್ನ ಬಟ್ಟಲಿಗೆ ಹಾಕಿಕೊಳ್ಳಬೇಕು. ಕಡೆಗೆ ಕಡಿಮೆ ಕಾಳಿದ್ದವರೇ ಶಾಣ್ಯಾರು. ಹೆಂಗಸರಿಗೂ ಬಟ್ಟಲಿಟ್ಟ ಮನೆ ನಮ್ಮದೆಂದು ತಾತ ಊರ ತುಂಬ ಹೇಳಿಕೊಂಡು ಬಂದ.

ದೊಡ್ಡಪ್ಪನ ಬಟ್ಟಲು ತುಂಬಿ ಚೆಲ್ಲುತ್ತಿತ್ತು. ನಮ್ಮಕ್ಕನದು ಸದಾ ಖಾಲಿ. "ನೋಡ್ರಿ, ನಮ್ಮ ಹುಡುಗಿ ಬಂಗಾರ ಐತಿ" ಎಂದು ತಾತ ಆಕೆಯ ತಲೆ ಸವರುತ್ತಿದ್ದ. ಹೊಗಳಿ ಹೊಗಳಿಯೇ ಆಕೆಯ ಬಾಯಿ ಕಟ್ಟಿದರು.

ಆಮೇಲೆ ನಾಗಲದಿನ್ನೆಯಿಂದ ಅಕ್ಕನಿಗೆ ಗಂಡು ಬಂತು. ಹೆಂಡತಿ ಸತ್ತವನು, ಅಕ್ಕನ ವಯಸ್ಸಿನ ಮಗನಿದ್ದ. ಹೊಳೆದಂಡೆಯ ಹೊಲ ಎಂದು ದೊಡ್ಡಪ್ಪ ಮೆಚ್ಚಿದ, ಅಪ್ಪ ಹೂಂ ಎಂದ, ಮಾತು ಬೆಳೆಯಿತು, ಬಟ್ಟಲುಗಳು ತುಂಬಿದವು. ಆಗ ಅಕ್ಕ ಮೊರಕ್ಕೆ ಕೈ ಚಾಚಿ ಒಂದೇ ಒಂದು ಕಾಳು ತೆಗೆದುಕೊಂಡಳು.

"ತಾತಾ, ನಾ ಈ ಮದಿವಿ ಒಲ್ಲೆ."

ತಾತ ಎಲ್ಲರ ಬಟ್ಟಲು ನೋಡಿದ. "ಇಷ್ಟು ಮಂದಿ ಇಷ್ಟು ಮಾತಾಡಿ ಒಪ್ಪ್ಯಾರವ್ವ. ನಿಂದು ಒಂದ ಕಾಳು" ಎಂದ.

ಅಷ್ಟು ದಿನ ಕಡಿಮೆ ಕಾಳೇ ಶಾಣ್ಯಾತನ, ಅವತ್ತು ಹೆಚ್ಚು ಕಾಳೇ ನ್ಯಾಯ! ಎಂಥ ಅಳತೆ, ನೀವೇ ಹೇಳಿ. ತಾತ ಸತ್ತು ಎಷ್ಟೋ ಕಾಲವಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಕಾಳನ್ನೆಲ್ಲ ಎಮ್ಮೆಗೆ ಸುರಿದರು, ಅಕ್ಕನದನ್ನೂ ಸೇರಿಸಿ. ಮದುವೆಯಾಗಿ ತವರಿಗೆ ಬಂದಾಗಲೂ ಆಕೆ ತುಟಿ ಬಿಚ್ಚಲಿಲ್ಲ. "ಎಷ್ಟು ಚಂದ ಹೊಂದಿಕೊಂಡಾಳ" ಎಂದು ತಾತ ಹಿಗ್ಗಿದ. ತಲೆ ನರೆಯುವ ಮೊದಲೇ ಆಕೆ ಆ ಗಂಡನ ಮನೆಯಲ್ಲೇ ತೀರಿಹೋದಳು.

ನಾನು ವಾಚಾಳಿಯಾದದ್ದು ಯಾವಾಗಿನಿಂದ ಎಂದು ಮೊನ್ನೆಯವರೆಗೂ ಯೋಚಿಸಿಯೇ ಇರಲಿಲ್ಲ. ಚೀಲವನ್ನು ಸೊಸೆಯ ಮುಂದೆ ನೂಕಿದೆ.

"ಹಾಕವ್ವ, ಎಷ್ಟಾದರೂ ಹಾಕು. ಅದರಾಗ ನಮ್ಮಕ್ಕನ ಪಾಲೂ ಐತಿ."