ಎರಡು ಋತು ಕಡಿಮೆ ಬಿದ್ದ ಕಾಗದ

ಹೈಮಾವತಿಯನ್ನು ಸರಕೆಂದು ನೋಡಿದರೆ ಯಾವ ವ್ಯಾಪಾರಿಯೂ ಮುಟ್ಟುತ್ತಿರಲಿಲ್ಲ. ನಲವತ್ತು ಕಿಲೋ ತೂಕ, ಅರವತ್ತೆಂಟು ವರ್ಷದ ಹಳೆಯ ದಾಸ್ತಾನು, ಮುಂದಿನ ಎರಡು ಹಲ್ಲು ಖೋತಾ. ಬಾಯಿ ಮಾತ್ರ ಹೊಚ್ಚ ಹೊಸದು.

ಬಳ್ಳಾರಿಯಲ್ಲಿ ಹುಟ್ಟಿ ವಿಶಾಖಪಟ್ಟಣದ ತೆಲುಗು ಮನೆಗೆ ಸೊಸೆಯಾಗಿ ಬಂದವಳು. ಗಂಡ ಹೋದ ಮೇಲೆ ರಮಾಕಾಂತನ ಸಗಟು ಬೆಲ್ಲದಂಗಡಿ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಅನಕಾಪಲ್ಲಿಯಿಂದ ಬಂದ ಅಚ್ಚನ್ನು ಉಗುರಿನಿಂದ ಕೆರೆದು ನಾಲಗೆಗೆ ಇಟ್ಟಳೆಂದರೆ, ಕಬ್ಬು ಹೊಳೆದಂಡೆಯದೋ ಉಪ್ಪುನೆಲದ್ದೋ, ಬೆಲ್ಲ ಮಳೆಗಾಲ ದಾಟೀತೋ ಇಲ್ಲವೋ ಹೇಳಿಬಿಡುತ್ತಿದ್ದಳು. ದಾವಣಗೆರೆಯಿಂದ ಬಂದು ವಿಶಾಖಪಟ್ಟಣದಲ್ಲಿ ಅಂಗಡಿ ಹಾಕಿದ್ದ ರಮಾಕಾಂತ ಮೂಟೆಯ ತಳಕ್ಕೆ ಕೈ ಹಾಕದೆ ಹೆತ್ತವರನ್ನೂ ನಂಬುವವನಲ್ಲ. ಅವಳ ನಾಲಗೆಯನ್ನು ನಂಬಿದ್ದ.

2017ರಲ್ಲಿ ಒಲೆಯ ಮೇಲಿಟ್ಟ ಹಾಲನ್ನು ಅವಳು ಎರಡು ಸಲ ಮರೆತಳು. ಮಗ ರಾಮ್‌ಪ್ರಸಾದ್ ವಿಜಯವಾಡದಲ್ಲಿ ಬ್ಯಾಂಕಿನ ಗುಮಾಸ್ತ. ಹೆದರಿ, ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಯೊಂದರಲ್ಲಿ ಮರೆವಿನ ಪರೀಕ್ಷೆಗೆ ಕರೆಸಿದ. ಎಲ್ಲಿ ಅಂಗಡಿ ಬಿಡಿಸುತ್ತಾರೋ ಎಂಬ ದಿಗಿಲಿಗೆ ಅವಳು ರಮಾಕಾಂತನನ್ನೂ ಎಳೆದು ತಂದಳು. "ನನ್ನ ಬೆಲೆ ಅವರಿಗೇನು ಗೊತ್ತು ಸಾವ್ಕಾರ್ರ? ನೀವು ಪಕ್ಕದಾಗ ಇರ್ರಿ."

ಪ್ರಶ್ನೆ ಕೇಳುವ ಹುಡುಗಿ ಸಹನಾ ಕನ್ನಡದವಳೇ.

"ಇವತ್ತು ಯಾವ ತಾರೀಖು ಅಮ್ಮಾ?"

"ಆಶ್ವಯುಜ ಬಹುಳ ಬಿದಿಗೆ. ನಾಳೆ ಅಟ್ಲತದ್ದಿ, ದೋಸೆ ಹಬ್ಬ, ಸೊಸೆ ಅಕ್ಕಿ ನೆನೆ ಹಾಕ್ಯಾಳ."

ಸಹನಾ ಸೊನ್ನೆ ಬರೆದಳು. "ಯಾವ ಋತು?"

"ಶರದೃತು."

"ಇಲ್ಲಿ ನಾಲ್ಕೇ ಇದೆಯಮ್ಮಾ. ವಸಂತ, ಬೇಸಿಗೆ, ಎಲೆ ಉದುರೋ ಕಾಲ, ಚಳಿಗಾಲ."

"ಆರರಾಗ ಎರಡು ನುಂಗಿದೋರು ನೀವು. ಮರೆವು ನನಗಾ ತಾಯೀ?"

ರಮಾಕಾಂತ ನಕ್ಕ. ಮಗ ಕಣ್ಣು ಕೆಕ್ಕರಿಸಿದ.

"ನೂರರಲ್ಲಿ ಏಳು ಕಳೆಯಿರಿ."

"ಯಾಕ ಕಳೀಬೇಕು? ನೂರು ಕಿಲೋ ಬೆಲ್ಲದಾಗ ಒಣಗಿ ಹೋಗೋದು ಎರಡು. ಏಳು ಕಳೆಯೋನು ಕಳ್ಳ."

ಕೊನೆಗೆ ಸಹನಾ ಗಡಿಯಾರದ ಚಿತ್ರ ಬರೆಯಲು ಹೇಳಿದಳು. ಅವಳು ಹುಟ್ಟಿದಂದಿನಿಂದ ಪೆನ್ಸಿಲು ಹಿಡಿದವಳಲ್ಲ. ಗೆರೆ ಎತ್ತೆತ್ತಲೋ ಹೋಯಿತು. ಪೆನ್ಸಿಲು ಕೆಳಗಿಟ್ಟು ಕಾಗದವನ್ನು ಮಗುಚಿ ಹಾಕಿದಳು.

ಮೂವತ್ತಕ್ಕೆ ಹನ್ನೊಂದು ಬಂತು. ಹೊರಗೆ ಸಹನಾ ರಮಾಕಾಂತನಿಗೆ ತಗ್ಗಿದ ದನಿಯಲ್ಲಿ ಹೇಳಿದಳು: "ಸರ್, ಇದು ಹೊರದೇಶದ ಪ್ರಶ್ನೆಪತ್ರಿಕೆ. ಅಲ್ಲಿನ ಶಾಲೆ ಕಲಿತವರನ್ನ ಅಳೆದು ಮಾಡಿದ್ದು. ಇಲ್ಲಿ ಭಾಷೆ ಬದಲಾಯಿಸಿದ್ದಾರೆ, ಅಳತೆ ಬದಲಾಯಿಸಿಲ್ಲ. ಇವರನ್ನ ದಿನಾ ನೋಡೋರು ನೀವು. ಡಾಕ್ಟರಿಗೆ ಒಂದು ಮಾತು ಹೇಳಿ."

ಪರರ ತಕ್ಕಡಿಯನ್ನು ಅನುಮಾನಿಸಿಯೇ ರಮಾಕಾಂತ ಮನೆ ಕಟ್ಟಿಸಿದ್ದ. ಆದರೆ ಎದುರಿಗೆ ಗಾಜಿನ ಬಾಗಿಲು, ಬಿಳಿ ಕೋಟು, ಇಂಗ್ಲಿಷಿನ ಮೊಹರು. ಡಾಕ್ಟರು ಕಾಗದ ನೋಡಿ "ಮರೆವಿನ ರೋಗ, ಮಧ್ಯಮ ಹಂತ" ಎಂದರು. ರಮಾಕಾಂತ ಹೌದೆಂದು ತಲೆಯಾಡಿಸಿದ.

"ಅಂಕುಲ್, ನೀವೇ ಚೆಪ್ಪಂಡಿ, ನೀವೇ ಹೇಳಿ. ಅಮ್ಮನಿಗೆ ಇನ್ನು ಅಂಗಡಿ ಯಾಕೆ?" ಎಂದ ಮಗ.

"ಹೌದಪ್ಪ, ವಿಶ್ರಾಂತಿ ತಗೊಳ್ಳಲಿ."

ಹೈಮಾವತಿ ಮೆಲ್ಲಗೆ ಕೇಳಿದಳು: "ಸೋಮವಾರ ಲೋಡು ಬರ್ತದಲ್ಲ, ಸಾವ್ಕಾರ್ರ?"

"ನೋಡೋಣ, ಹೈಮಕ್ಕ."

'ನೋಡೋಣ' ಎಂಬುದು ವ್ಯಾಪಾರದಲ್ಲಿ 'ಇಲ್ಲ' ಎನ್ನುವುದಕ್ಕೆ ಮರ್ಯಾದೆಯ ಹೆಸರು. ಇಪ್ಪತ್ತಾರು ವರ್ಷ ಗಲ್ಲಾಪೆಟ್ಟಿಗೆಯ ಪಕ್ಕ ಕೂತವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಗ ಅವಳನ್ನು ವಿಜಯವಾಡದಲ್ಲೇ ಉಳಿಸಿಕೊಂಡ. ಕೆಟ್ಟವನಲ್ಲ; ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಿದ, ಒಲೆಯ ಹತ್ತಿರ ಬಿಡಲಿಲ್ಲ. ಮಾತ್ರೆ ನುಂಗಿ ಅವಳು ಹಗಲೆಲ್ಲ ತೂಕಡಿಸಿದಳು. ರಮಾಕಾಂತ ಒಮ್ಮೆ ಹೊಸ ಬೆಲ್ಲದ ಅಚ್ಚು ಹಿಡಿದು ಹೋದ. "ಹೆಂಗೈತಿ ನೋಡು ಹೈಮಕ್ಕ."

ಅವಳು ಮುಟ್ಟಲಿಲ್ಲ. "ನನ್ನನ್ನ ಯಾಕ ಕೇಳ್ತೀರಿ? ಕಾಗದ ಕೇಳ್ರಿ."

ಹನ್ನೊಂದು ತಿಂಗಳಿಗೆ ತೀರಿಕೊಂಡಳು.

'ಇವಳನ್ನು ನಾನು ಬಲ್ಲೆ' ಎಂದು ಡಾಕ್ಟರ ಮುಂದೆ ಆಡಬೇಕಿದ್ದ ಒಂದು ಮಾತು ರಮಾಕಾಂತನಿಂದ ಹೈಮಾವತಿಗೆ ಇಂದಿಗೂ ಸಲ್ಲಬೇಕಾಗಿದೆ.