ಮಂಡಿಗೆ ನೀರು ಹಾಕಿದ ಮೇಸ್ತ್ರಿ

ಕಟ್ಟಡ ಕಾರ್ಮಿಕರ ಸಂಘದ ಮೆರವಣಿಗೆಯಲ್ಲಿ ನಾವು "ಮಂಡಿಯೂರೆವು" ಎಂದು ಕೂಗಿದಾಗಲೆಲ್ಲ ಟೈಲ್ಸ್ ಮೇಸ್ತ್ರಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. "ಅದೊಂದು ಬಿಟ್ಟು ಬೇರೆ ಕೂಗ್ಸಣ್ಣ. ಮಂಡಿ ಊರದಿದ್ರೆ ನಮ್ಮನೆ ಒಲೆ ಉರಿಯಲ್ಲ" ಎನ್ನುತ್ತಿದ್ದ.

ಮೂವತ್ತು ವರ್ಷ ಕಂಡವರ ನೆಲವನ್ನೆಲ್ಲ ಕನ್ನಡಿ ಮಾಡಿದವನ ಸ್ವಂತ ಅಡುಗೆಮನೆಯಲ್ಲಿ ಮಾತ್ರ ಎದ್ದುಹೋದ ಸಿಮೆಂಟು. ಟೈಲ್ಸ್ ಹಾಕಿಕೊಡುತ್ತೇನೆಂದು ಹೆಂಡತಿಗೆ ಕೊಟ್ಟ ಮಾತಿಗೇ ವಯಸ್ಸಾಗಿತ್ತು. ಉಳಿಸಿಕೊಳ್ಳೋಣ ಎನ್ನುವ ಹೊತ್ತಿಗೆ ಬಲಮಂಡಿ ಸವೆದು ಕೈಕೊಟ್ಟಿತು.

ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯೂ ಕೆಟ್ಟ ಮೇಲೆ ಡಾಕ್ಟರಮ್ಮ ಪಿಆರ್‌ಪಿ ಇಂಜೆಕ್ಷನ್ ಹೇಳಿದರು. ತೋಳಿನಿಂದ ಅವನದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಹಳದಿ ನೀರನ್ನಷ್ಟೇ ಮಂಡಿಯೊಳಕ್ಕೆ ಚುಚ್ಚುವುದು.

"ಅಂದ್ರೆ ಸಾಮಾನು ನಂದು, ಕೂಲಿ ನಿಮ್ದು" ಎಂದ ಮೇಸ್ತ್ರಿ.

"ಹೌದಪ್ಪ. ಆದ್ರೆ ಗ್ಯಾರಂಟಿ ಇಲ್ಲ. ಕೆಲವರಿಗೆ ನೋವು ಇಳಿಯುತ್ತೆ, ಕೆಲವರಿಗೆ ಇಲ್ಲ. ಸವೆದಿದ್ದು ಹೊಸದಾಗಲ್ಲ. ಎರಡು ದಿನ ಸುಧಾರಿಸ್ಕೊಳ್ಳಿ."

"ಸೆಟ್ ಆಗೋಕೆ ಬಿಡಬೇಕು ಅನ್ನಿ."

ಸೂಜಿಯ ಮೇಲೆ ಕಣ್ಣಿದ್ದ ಡಾಕ್ಟರಮ್ಮ "ಹೂಂ" ಎಂದುಬಿಟ್ಟರು.

ಆ ಹೂಂನಿಂದಲೇ ಎಡವಟ್ಟಾಯಿತು. ಮೇಸ್ತ್ರಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಹೊಸ ಸಿಮೆಂಟಿಗೆ ಮಾಡುವಂತೆ ಮಂಡಿಗೆ ಒದ್ದೆ ಗೋಣಿ ಹೊದಿಸಿ, ಹತ್ತು ದಿನ ಅಲ್ಲಾಡಲಿಲ್ಲ. ಹೊತ್ತುಹೊತ್ತಿಗೆ ಗೋಣಿಗೆ ನೀರು ಚಿಮುಕಿಸಲು ಹೆಂಡತಿಗೆ ಅಪ್ಪಣೆ. ಹನ್ನೊಂದನೇ ದಿನ ಅವಳು ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

"ಕಾಲು ಕೊರಡಾಗಿದೆ ಡಾಕ್ಟ್ರೇ. ಕ್ಯೂರಿಂಗ್ ಮಾಡ್ತಿದಾರಂತೆ."

ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದರು. "ಇದು ಮಂಡಿ ಕಣಪ್ಪ, ನೆಲ ಅಲ್ಲ. ನಡೀಬೇಕು."

ನಡೆದ. ಬೈದುಕೊಂಡೇ ವ್ಯಾಯಾಮವನ್ನೂ ಮಾಡಿದ. ಎರಡು ತಿಂಗಳಿಗೆ ನೋವು ಅರ್ಧಕ್ಕಿಳಿಯಿತು. ಇಳಿಸಿದ್ದು ಇಂಜೆಕ್ಷನ್ನೋ ವ್ಯಾಯಾಮವೋ, ಡಾಕ್ಟರಮ್ಮನೂ ಆಣೆ ಇಟ್ಟು ಹೇಳಲಿಲ್ಲ.

ಹೆಂಡತಿ ಒಲೆಯನ್ನು ಹಿತ್ತಿಲಿಗೆ ಸಾಗಿಸಿದಳು. ಮೇಸ್ತ್ರಿ ಮಣೆಯ ಮೇಲೆ ಕೂತು, ತೆವಳುತ್ತ, ಅಡುಗೆಮನೆಗೆ ದಿನಕ್ಕೆರಡು ಸಾಲು ಟೈಲ್ಸ್ ಹಾಕಿದ. ಕೊನೆಯ ಟೈಲ್ ಬಾಗಿಲ ಸಂದಿಯದು. ಅಲ್ಲಿ ಮಣೆ ಹಿಡಿಯಲಿಲ್ಲ. ಹೊಸ್ತಿಲಾಚೆ ಚೀಲ ಮಡಿಸಿ ಹಾಕಿ ಬಲಮಂಡಿ ಊರಿದ. ಮಂಡಿ ಕಟಕ್ಕೆಂದಿತು. ಆದರೆ ತಡೆದುಕೊಂಡಿತು.

ಕರಣೆಯ ಹಿಡಿಯಿಂದ ಟೈಲನ್ನು ತಟ್ಟಿ ಕಿವಿಗೊಟ್ಟ. ಆಮೇಲೆ ಮಂಡಿಯನ್ನೂ ತಟ್ಟಿದ. "ಟೈಲು ಗಟ್ಟಿ. ಮಂಡಿ ಒಂಚೂರು ಟೊಳ್ಳು. ನಡಿಯುತ್ತೆ ಬಿಡು."

ಗೋಡೆ ಹಿಡಿದು ಎದ್ದು ನೋಡಿದರೆ ನೆಲದ ಮಟ್ಟ ನೋಡುವ ರಸಮಟ್ಟ ಒಳಗೇ ಉಳಿದಿತ್ತು. ತರಲೆಂದು ಕಾಲೆತ್ತಿದ.

"ರೀ, ಕಾಲಿಡ್ಬೇಡಿ" ಎಂದಳು ಹೆಂಡತಿ. "ಇದು ನೆಲ, ಮಂಡಿ ಅಲ್ಲ."